ಗುರುವಿನ ಗದ್ದಲ, ಓಡೀಲಳ ಬೇಲಿ

ಭಾನುವಾರ ಊಟಕ್ಕೆ ಬನ್ನಿ ಎಂದು ಓಡೀಲ್ ಕರೆದದ್ದೇ ತಡ, ಇವತ್ತು ಮದುವೆಯ ಮಾತು ಎತ್ತಿಯೇ ಬಿಡುವುದೆಂದು ಅನ್ಸೆಲ್ಮ್ ಬೂಟಿಗೆ ಪಾಲಿಶ್ ಹಾಕಿದ. ಓಡೀಲ್ ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮೇಕೆ ಸಾಕಿ ಚೀಸ್ ಮಾರುವವಳು. ಅನ್ಸೆಲ್ಮ್ ಫ್ರಾನ್ಸಿನ ಸೊಲೋನ್ ಕಾಡಿನಂಚಿನ ರೇಡಿಯೋ ವೀಕ್ಷಣಾಲಯದ ನೌಕರ. ಗುರು ಗ್ರಹದ ಧ್ರುವಗಳಲ್ಲಿ ಬೆಳಕು ಕುಣಿದಾಗ ಹೊರಡುವ ರೇಡಿಯೋ ಸದ್ದನ್ನು ಅಲ್ಲಿನ ಆಂಟೆನಾಗಳು ಹಿಡಿಯುತ್ತವೆ. ಅದಕ್ಕೆ ಅಡ್ಡ ಬರುವ ಊರಿನ ಯಂತ್ರಗಳನ್ನು ಹುಡುಕಿ ನಿಲ್ಲಿಸುವುದು ಇವನ ಕೆಲಸ. ಗುರುವಿನ ಚಾಕರಿ ಮಾಡುವ ಈತ ಊರವರ ಪಾಲಿಗೆ ಮಾತ್ರ ಶನಿ.

ಟೈ ಕಟ್ಟುತ್ತಿರುವಾಗ ವೀಕ್ಷಣಾಲಯದ ನಿರ್ದೇಶಕಿಯ ಫೋನ್ ಬಂತು. ತಗಡಿನ ಮೇಲೆ ಜಲ್ಲಿ ಸುರಿದಂತೆ ಬೆಳಗಿನಿಂದ ಪಟಪಟ ಸದ್ದಂತೆ. ಯಾರದೋ ಕರೆಂಟು ಬೇಲಿಯೇ ಇರಬೇಕು, ಈಗಲೇ ನಿಲ್ಲಿಸು ಎಂದಳು.

ಅನ್ಸೆಲ್ಮ್ ಮೊದಲು ಬೇಕರಿಯವನ ಕರೆಂಟು ಒಲೆ ಆರಿಸಿದ, ಸದ್ದು ನಿಲ್ಲಲಿಲ್ಲ. ಬೀದಿಯಲ್ಲಿ ಅಲೆಯುತ್ತಿದ್ದ ಅವನನ್ನು ಕಂಡು ಬ್ರಹ್ಮಚಾರಿ ಮೇಯರ್ ಫುಲ್ಬೆರ್ ತನ್ನ ಕೋಸಿನ ಮಡಿಯಿಂದಲೇ ತಲೆಯೆತ್ತಿದ.

"ಊರಲ್ಲಿ ಕರೆಂಟು ಬೇಲಿ ಇರೋದು ಒಬ್ಬರಿಗೇ ಅಲ್ವೇನ್ರೀ? ಅಲ್ಲಿಗೆ ಹೋಗೋಕೆ ಧೈರ್ಯ ಇಲ್ವೋ, ಮನಸ್ಸಿಲ್ವೋ?"

ಹೀಗಾಗಿ ಹೂವು ಹಿಡಿದು ಬಂದವನು ಓಡೀಲಳ ಬಾಗಿಲಲ್ಲಿ ಬೇಲಿಯ ಮಾತು ಎತ್ತಬೇಕಾಯಿತು. ಅವಳ ಮುಖ ಬಿಳಿಚಿತು. ಮೇಕೆಗಳ ಎದುರಿಗೆ ಬೇಡ, ಮೊದಲು ಊಟ ಮಾಡಿ ಎಂದು ಪರಿಪರಿಯಾಗಿ ಹೇಳಿದಳು. ಅನ್ಸೆಲ್ಮ್ ಕೇಳಲಿಲ್ಲ. ಕಂಬದ ಮೇಲಿನ ಸ್ವಿಚ್ ಆರಿಸಿದ್ದಲ್ಲದೆ, ಗಂಡಸುತನ ತೋರಿಸಲು ಎರಡೂ ಕೈಯಲ್ಲಿ ತಂತಿ ಹಿಡಿದ. "ನೋಡಿ, ಏನೂ ಆಗಲ್ಲ."

ಮುದಿ ಮೇಕೆಯೊಂದು ಹತ್ತಿರ ಬಂದು ಅವನ ಕೈ ನೋಡಿತು. ತಂತಿಗೆ ಮೂಗು ತಾಗಿಸಿತು. ಆಮೇಲೆ ತಂತಿಯಡಿ ನುಸುಳಿ ಹೊರಟೇಹೋಯಿತು. ಉಳಿದವು ದಿಬ್ಬಣದಂತೆ ಹಿಂಬಾಲಿಸಿದವು. ಸೂಪು ಆರುವ ಮೊದಲೇ ಮೇಯರನ ಕೋಸು ಬುಡಮಟ್ಟ ಸಾಫಾಗಿತ್ತು. ಮೇಯರ್ ಗುದ್ದಲಿ ಹಿಡಿದು ಬಂದ. ಬುದ್ಧಿ ಹೇಳುವುದಕ್ಕೆ ಇಡೀ ಬೀದಿ ಬಂತು.

ಅಷ್ಟರಲ್ಲಿ ಮತ್ತೆ ಫೋನ್. ಬೇಲಿಯಲ್ಲ, ಅದು ಸಾಕ್ಷಾತ್ ಗುರುವಿನದೇ ಸದ್ದು, ಇಂಥ ಅಬ್ಬರ ಕೇಳಿ ವರ್ಷಗಳಾದವು ಎಂದು ನಿರ್ದೇಶಕಿ ನಗುತ್ತಿದ್ದಳು. ಅನ್ಸೆಲ್ಮನಿಗೆ ಹೋದ ಜೀವ ಬಂದಂತಾಯಿತು. ಓಡೀಲಳ ಬಳಿಗೆ ಓಡಿ, ತಪ್ಪು ನಿಮ್ಮ ಬೇಲಿಯದಲ್ಲ, ಮೇಕೆಗಳನ್ನು ಅಟ್ಟಿಕೊಂಡು ಬಂದು ಈಗಲೇ ಸ್ವಿಚ್ ಹಾಕುತ್ತೇನೆ ಎಂದ. ಅದೇ ಉಸಿರಿನಲ್ಲಿ ನನ್ನನ್ನು ಮದುವೆಯಾಗುತ್ತೀರಾ ಎಂದೂ ಕೇಳಿದ.

"ಮಸ್ಯೂ ಅನ್ಸೆಲ್ಮ್," ಎಂದಳು ಓಡೀಲ್, "ಆ ಬೇಲಿ ಕೆಟ್ಟು ಎರಡು ವರ್ಷ ಆಯ್ತು. ನನಗೆ ಗೊತ್ತಿತ್ತು, ಮೇಕೆಗಳಿಗೆ ಗೊತ್ತಿರಲಿಲ್ಲ. ಇವತ್ತು ನೀವು ಮುಟ್ಟಿ ತೋರಿಸಿದ್ರಿ."

ಅವನ ಕೈಗೆ ಒಂದು ಕೋಲು ಕೊಟ್ಟು ಬೇಲಿಯ ಜಾಗದಲ್ಲಿ ನಿಲ್ಲಿಸಿದಳು. ಕೋಸು ಕಳೆದುಕೊಂಡ ಮೇಯರನನ್ನು ಸಮಾಧಾನಪಡಿಸಬೇಕಲ್ಲ, ಊಟಕ್ಕೆ ಒಳಗೆ ಕರೆದಳು.