ಅತ್ತೆಯವರಿಗೆ ರಸ್ತೆ ಕಾಣಬೇಕಿತ್ತು

ಜಗತ್ತಿನಲ್ಲಿ ಕೆಲವರಿಗೆ ಕೆಲಸ ಬರುತ್ತದೆ, ಇನ್ನು ಕೆಲವರಿಗೆ ಕೆಲಸದ ಸಾಮಾನುಗಳ ಹೆಸರು ಬರುತ್ತದೆ. ನಾನು ಎರಡನೆಯ ಪಂಗಡದವನು. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿಯೇ ನನ್ನ ತಲೆ ಬೆಳ್ಳಗಾಗಿದೆ. ಯಾವ ಬೋಲ್ಟಿಗೆ ಯಾವ ನಟ್ಟು, ಯಾವ ತಂತಿಹಗ್ಗ ಯಾವ ಕಪಾಟಿನಲ್ಲಿದೆ ಎಂಬುದನ್ನು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಆದರೆ ಅವನ್ನು ಒಯ್ದವರು ಆಮೇಲೆ ಏನು ಮಾಡುತ್ತಾರೆ ಎಂದು ನೋಡಲು ಕೌಂಟರ್ ದಾಟಿ ಹೋದವನಲ್ಲ. ಮನೆಯಲ್ಲಿ ಮಾತ್ರ ನನ್ನನ್ನು ಅರ್ಧ ಇಂಜಿನಿಯರ್ ಎಂದೇ ನಂಬಿದ್ದರು. ಫ್ಯಾನು ನಿಂತರೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನು ಗಂಭೀರವಾಗಿ "ಕೆಪ್ಯಾಸಿಟರ್" ಎನ್ನುತ್ತಿದ್ದೆ. ಇಲೆಕ್ಟ್ರಿಶಿಯನ್ ಬಂದು ಅದನ್ನೇ ಬದಲಾಯಿಸಿದ ದಿನ ಚಹಾದ ಜೊತೆ ನನಗೆ ಚೂಡಾ ಕೂಡ ಸಿಗುತ್ತಿತ್ತು. ಇಂಥ ಕೀರ್ತಿಯನ್ನು ಯಾರು ತಾನೇ ಕೈಯಾರೆ ಹಾಳುಮಾಡಿಕೊಳ್ಳುತ್ತಾರೆ? ನಾನು ಮಾಡಿಕೊಂಡೆ. ಅದಕ್ಕೆ ಕಾರಣ ನಮ್ಮ ಅತ್ತೆಯವರು.

ಅತ್ತೆಯವರು, ಅಂದರೆ ನನ್ನ ಹೆಂಡತಿ ಸುಮಂಗಲೆಯ ತಾಯಿ ನೀಲವ್ವನವರು, ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಹಳ್ಳಿಯವರು. ಅಲ್ಲಿ ಹೊಲಕ್ಕೆ ಹೋಗುವವರು, ಹೊಲದಿಂದ ಬರುವವರು, ಹುಬ್ಬಳ್ಳಿ ಬಸ್ಸಿಗೆ ಓಡುವವರು ಎಲ್ಲರೂ ಅವರ ಕಟ್ಟೆಯ ಮುಂದೆ ಹಾಜರಿ ಹಾಕಿಯೇ ಮುಂದೆ ಹೋಗಬೇಕು. ಯಾರ ಮನೆಯ ಎಮ್ಮೆ ಈಯಿತು, ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ ಎಂಬುದೆಲ್ಲ ಅವರಿಗೆ ಆ ಮನೆಯವರಿಗಿಂತ ಮೊದಲು ಗೊತ್ತಾಗುತ್ತಿತ್ತು. ಹೀಗಿದ್ದವರು ಹಿತ್ತಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆದ ಮೇಲೆ ಧಾರವಾಡದ ನಮ್ಮ ಮನೆಗೆ ಕರೆತಂದೆವು. ನಾವಿರುವುದು ಮೊದಲ ಮಹಡಿಯಲ್ಲಿ, ಕೆಳಗೆ ಟೇಲರ್ ಅಂಗಡಿ. ವಾಕರ್ ಹಿಡಿದು ಮನೆಯೊಳಗೆ ನಡೆಯಬಹುದು, ಮೆಟ್ಟಿಲ ಮಾತು ಮಾತ್ರ ಸದ್ಯಕ್ಕೆ ಬೇಡ ಎಂದಿದ್ದರು ಡಾಕ್ಟರು.

ಮೂಳೆ ಕೂಡುತ್ತ ಬಂತು, ಆದರೆ ಅತ್ತೆಯವರು ಕುಗ್ಗುತ್ತ ಹೋದರು. ರೊಟ್ಟಿಯನ್ನು ಅರ್ಧಕ್ಕೇ ಬಿಡುವರು. ಟಿವಿ ಹಚ್ಚಿಕೊಟ್ಟರೆ ಗೋಡೆ ನೋಡುವರು. ಟೀಚರಾಗಿರುವ ಸುಮಂಗಲೆ ಶಾಲೆಯಿಂದ ಬಂದು ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುವುದನ್ನು ನಾನು ನೋಡಿದ್ದೆ. ಒಂದು ದಿನ ಕೇಳಿಯೇಬಿಟ್ಟೆ, "ಅತ್ತೀಯಾರ, ಏನರ ಬೇಕಾಗಿತ್ತೇನ್ರಿ?"

"ಏನೂ ಬ್ಯಾಡ್ರಿ ಅಳಿಯಾರ. ಎಲ್ಲಾ ಛಲೋ ಐತಿ. ಮಂದಿ ಕಾಣಂಗಿಲ್ಲ, ಅಷ್ಟ."

ನಮ್ಮ ಪಡಸಾಲೆಯ ಮುಂದೆ, ಕೆಳಗಿನ ಪೋರ್ಚಿನ ತಾರಸಿ ಖಾಲಿ ಬಿದ್ದಿತ್ತು. ಅಲ್ಲಿಂದ ಇಡೀ ಓಣಿ ಕಾಣುತ್ತದೆ. ಆದರೆ ಅದು ಪಡಸಾಲೆಗಿಂತ ತಗ್ಗಿನಲ್ಲಿತ್ತು, ಮಳೆನೀರು ಹರಿಯಲೆಂದು ಇಳಿಜಾರಾಗಿಯೂ ಇತ್ತು. ವಾಕರ್ ಹಿಡಿದವರು ಅಲ್ಲಿಗೆ ಹೋದರೆ ಇನ್ನೊಂದು ಆಪರೇಷನ್ ಖಾತ್ರಿ. ಅದಕ್ಕೇ ಬಡಿಗೇರ ಮೌನೇಶನನ್ನು ಕರೆಸಿ, ಪಡಸಾಲೆಯ ಮಟ್ಟಕ್ಕೆ ಸರಿಯಾಗಿ ಮರದ ಹಲಗೆಯ ನೆಲ, ಅಂದರೆ ಡೆಕ್, ಹಾಕಿಸಿದೆವು. ಅಂಚಿಗೆ ದಪ್ಪ ಕಂಬಗಳನ್ನೂ ನಿಲ್ಲಿಸಿದ. ಕಂಬಗಳ ನಡುವೆ ಏನು ಹಾಕಬೇಕು ಎಂಬಲ್ಲಿ ಮನೆಯಲ್ಲಿ ಚರ್ಚೆ ಶುರುವಾಯಿತು. ಎದೆಮಟ್ಟದ ಗೋಡೆಯೇ ಭದ್ರ ಎಂದಳು ಸುಮಂಗಲೆ. ಪರೀಕ್ಷೆ ಮಾಡೋಣವೆಂದು ಅತ್ತೆಯವರನ್ನು ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿ, ನಾವಿಬ್ಬರೂ ಅವರ ಮುಂದೆ ಒಂದು ಚಾದರ ಹಿಡಿದು ನಿಂತೆವು.

"ಏನ್ ಕಾಣತೈತಿ, ಅವ್ವಾ?" ಎಂದಳು ಸುಮಂಗಲೆ.

"ಚಾದರ ಕಾಣತೈತಿ. ಒಗೀಬೇಕಾಗೇತಿ."

ಮರದ ಪಟ್ಟಿ ಹೊಡೆದರೂ ಇದೇ ಕತೆ; ಕೂತವರ ಕಣ್ಣಿಗೆ ಪಟ್ಟಿಯೇ ಅಡ್ಡ ಬರುತ್ತದೆ. ಆಗ ನನ್ನ ಬಾಯಿಂದ ಒಂದು ಮಾತು ಬಂತು. "ಸ್ಟೀಲ್ ತಂತಿ ಎಳೆಯೋಣು. ಗಟ್ಟೀನೂ ಇರತೈತಿ, ಅಡ್ಡಾನೂ ಬರಂಗಿಲ್ಲ." ಮೌನೇಶ ತಲೆದೂಗಿದ. ತಂಗಿಯ ಮಗಳ ಮದುವೆಗೆ ಗದಗಿಗೆ ಹೊರಟಿದ್ದೇನೆ, ಬಂದ ಮೇಲೆ ಇಬ್ಬರೂ ಕೂಡಿ ಹಾಕೋಣ ಎಂದ. ನಾನು ಕಾಯಬಹುದಿತ್ತು. ಆದರೆ ತಂತಿ, ಕ್ಲಾಂಪು, ಟರ್ನ್‌ಬಕಲ್ಲು ಇವೆಲ್ಲ ನನ್ನ ಕಪಾಟಿನ ಕುಲದೇವರುಗಳು. ಟರ್ನ್‌ಬಕಲ್ ಎಂದರೆ ಎರಡೂ ತುದಿಗೆ ಸ್ಕ್ರೂ ಇರುವ ಒಂದು ಸಾಮಾನು. ನಡುವೆ ತಿರುಗಿಸಿದರೆ ತಂತಿ ಬಿಗಿಯಾಗುತ್ತದೆ. ಇಷ್ಟು ಗೊತ್ತಿದ್ದವನಿಗೆ ಇನ್ನೇನು ಗೊತ್ತಿರಬೇಕು ಎಂದುಕೊಂಡು, ಊರಿನ ಅಂಗಡಿಯಿಂದ ಎಲ್ಲವನ್ನೂ ತಂದು ಹಬ್ಬದ ರಜೆಯಲ್ಲಿ ಕೆಲಸಕ್ಕೆ ಇಳಿದೆ.

ಮೊದಲನೆಯ ತಂತಿ ಸೊಟ್ಟಗೆ ಬಂತು. ಈ ಕಂಬದ ರಂಧ್ರ ಮೇಲೆ, ಆ ಕಂಬದ್ದು ಕೆಳಗೆ. ತಂತಿ ಕತ್ತರಿಸಿದೆ, ತುದಿ ಬಿಚ್ಚಿಕೊಂಡು ಕಡ್ಡಿ ಕಸಬರಿಗೆಯಂತೆ ಅರಳಿ ನನ್ನ ಬೆರಳಿಗೇ ಚುಚ್ಚಿತು. ಕತ್ತರಿಸುವ ಮೊದಲು ಟೇಪು ಸುತ್ತಬೇಕು ಎಂದು ರಕ್ತ ಬಂದ ಮೇಲೆ ತಿಳಿಯಿತು. ಇದೆಲ್ಲ ಸಣ್ಣದು. ದೊಡ್ಡ ಫಜೀತಿ ಆಮೇಲಿನದು. ಮೇಲಿನ ತಂತಿಯನ್ನು ಬಿಗಿದೆ, ಛಲೋ ಬಿಗಿಯಿತು. ಕೆಳಗಿನದನ್ನು ಬಿಗಿದೆ, ಅದೂ ಬಿಗಿಯಿತು. ತಿರುಗಿ ನೋಡಿದರೆ ಮೇಲಿನದು ಜೋತು ಬಿದ್ದಿದೆ! ಮತ್ತೆ ಮೇಲಿನದನ್ನು ಬಿಗಿದರೆ ಕೆಳಗಿನದು ಸಡಿಲ. ಹೀಗೆ ಬಿಗಿಯುತ್ತ ಬಿಗಿಯುತ್ತ, ಎರಡು ಕೊನೆಯ ಕಂಬಗಳೂ ಬಹಳ ದಿನಕ್ಕೆ ಭೇಟಿಯಾದ ಬೀಗರ ಹಾಗೆ ಒಂದರ ಕಡೆ ಒಂದು ವಾಲತೊಡಗಿದವು.

ನಮ್ಮ ಓಣಿಯ ಜನಕ್ಕೆ ಬೇರೆಯವರ ಕೆಲಸದಲ್ಲಿ ಅಪಾರ ಆಸಕ್ತಿ. ಕಾಯಿಪಲ್ಲೆ ಮಾರುವ ಬಸವ್ವ ಬುಟ್ಟಿ ಇಳಿಸಿ ನಿಂತು ಕೂಗಿದಳು, "ಸರ, ಮನ್ಯಾಗ ಇರಾವ್ರು ಮೂರ ಮಂದಿ. ಅರಬಿ ಒಣಗಸಾಕ ಇಷ್ಟ್ಯಾಕ್ ತಂತಿ ಕಟ್ಟಾಕತ್ತೀರಿ?"

ಅಷ್ಟರಲ್ಲಿ ಹಿಂದಿನಿಂದ ದನಿ ಬಂತು. ಬಾಗಿಲಲ್ಲಿ ಕುರ್ಚಿಯ ಮೇಲಿದ್ದ ಅತ್ತೆಯವರು ಕತ್ತು ಚಾಚಿ ಕೂಗುತ್ತಿದ್ದರು. "ಅರಬಿಗಲ್ಲಬೇ ತಂಗಿ, ನನ್ನ ಕಟ್ಟಿಹಾಕಾಕ! ನಿನ್ನ ಬುಟ್ಟ್ಯಾಗ ಏನೈತಿ?"

"ಮೆಂತೆ ಐತಿ, ಪುಂಡಿಪಲ್ಯ ಐತಿ. ನೀವ್ ಯಾವೂರಾವ್ರಬೇ?"

"ಸುಳ್ಳದಾಕಿ. ನೀ?"

ಬಸವ್ವನ ತವರು ಸುಳ್ಳದ ಪಕ್ಕದ ಊರಂತೆ. ಅಷ್ಟು ಸಾಕಾಯಿತು. ನಾನು ನಟ್ಟು ತಿರುಗಿಸುವ ಪಾನಾ ಹಿಡಿದು ನಡುವೆ ನಿಂತೇ ಇದ್ದೆ, ಮಾತು ನನ್ನ ತಲೆಯ ಮೇಲಿಂದ ಹಾರಾಡುತ್ತಿತ್ತು. ಅಂದು ಪುಂಡಿಪಲ್ಯದ ಜೊತೆ ಅತ್ತೆಯವರು ಇಡೀ ರೊಟ್ಟಿ ಉಂಡು, ಇನ್ನೊಂದನ್ನೂ ಕೇಳಿ ಹಾಕಿಸಿಕೊಂಡರು.

ಮರುದಿನ ಕೆಳಗಿನ ಟೇಲರ್ ಹೊರಗೆ ಬಂದು, ಇದು ಬಾಕ್ಸಿಂಗ್ ಕಣವೇ ಎಂದು ವಿಚಾರಿಸಿದರು. ಎದುರು ಮನೆಯ ನಿವೃತ್ತ ಮಾಸ್ತರರು ತಂತಿಗಳನ್ನು ಕೆಳಗಿನಿಂದಲೇ ದಿಟ್ಟಿಸಿ, "ಸಿತಾರ ಆದ್ರ ತುಸು ಸಣ್ಣದು ಮಾಡಸಬೇಕಿತ್ತು" ಎಂದರು. ಒಬ್ಬೊಬ್ಬರಿಗೂ ನನಗಿಂತ ಮೊದಲು ಅತ್ತೆಯವರೇ ಉತ್ತರ ಕೊಟ್ಟರು. ಕೊಟ್ಟ ಮೇಲೆ ಅವರ ಮನೆ, ಮಕ್ಕಳು, ಮೊಣಕಾಲು ನೋವು ಎಲ್ಲ ವಿಚಾರಿಸಿಕೊಂಡರು. ನನ್ನ ತಂತಿ ಸಡಿಲಾದಾಗಲೆಲ್ಲ ಸೆರಗು ಬಾಯಿಗೆ ಒತ್ತಿ ನಗುತ್ತಿದ್ದರು. "ಅಳಿಯಾರ, ಮ್ಯಾಲಿಂದು ಮತ್ತ ಮಲಕ್ಕೊಂತು ನೋಡ್ರಿ!"

ನನಗೆ ಮುಖವೆತ್ತಲಾಗುತ್ತಿರಲಿಲ್ಲ. ಸಂಜೆ ಸುಮಂಗಲೆಗೆ ಹೇಳಿದೆ, ಇದು ನನ್ನ ಕೈಲಾಗದು, ಮೌನೇಶನಿಗೆ ಫೋನ್ ಮಾಡುತ್ತೇನೆ ಎಂದು. ಅವಳು ಒಳಗೆ ಇಣುಕಿ ನೋಡಿ, ದನಿ ತಗ್ಗಿಸಿ ಹೇಳಿದಳು, "ಏನ್ರಿ, ಇನ್ನ ನಾಕ ದಿನಾ ಹಿಂಗ ಇರಲಿ. ಲಗೂ ಸರಿ ಮಾಡಬ್ಯಾಡ್ರಿ. ಅವ್ವ ನಗಾಕತ್ತಾಳ."

ಮದುವೆಯಾದಾಗಿನಿಂದ ನಾನು ಕೆಲಸ ಕೆಡಿಸಿದ್ದಕ್ಕೆ ಅವಳು ಖುಷಿಪಟ್ಟದ್ದು ಅದೇ ಮೊದಲು. ಹಾಗಾಗಿ ಮುಂದಿನ ಕೆಲವು ದಿನ, ಕಾರ್ಖಾನೆಯಿಂದ ಬಂದವನೇ ಪಾನಾ ಹಿಡಿದು ಡೆಕ್ಕಿಗೆ ಹೋಗಿ, ಮನಸ್ಸಿಟ್ಟು ಸೋತೆ. ಸೋಲುವುದಕ್ಕೆಂದು ವಿಶೇಷ ಶ್ರಮವೇನೂ ಬೇಕಾಗಲಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು.

ಆದರೆ ಅತ್ತೆಯವರಿಗೆ ಬಾಗಿಲು ಸಾಲದಾಯಿತು. ಬಾಗಿಲಿನಿಂದ ಓಣಿಯ ಒಂದು ತುಂಡು ಮಾತ್ರ ಕಾಣುತ್ತದೆ. ಮಾತಾಡುತ್ತಿದ್ದವರು ನಾಲ್ಕು ಹೆಜ್ಜೆ ಮುಂದೆ ಹೋದರೆ ಮಾಯ. ಒಂದು ಭಾನುವಾರ ಬೆಳಿಗ್ಗೆ ತಾವೇ ಎದ್ದು ವಾಕರ್ ಊರಿಕೊಂಡು ಹೊಸ್ತಿಲ ತನಕ ಬಂದರು. "ಅಳಿಯಾರ, ನಕ್ಕಿದ್ದ ಸಾಕಾತು. ಇದನ್ನ ಗಟ್ಟಿ ಮಾಡ್ರಿ. ನಾ ಹೊರಗ ಬರಬೇಕು."

ನಾನು ಅವರನ್ನು ನೋಡಿದೆ. ಆಮೇಲೆ ಅವರು ಭಾರ ಹಾಕಿ ನಿಂತ ವಾಕರನ್ನು ನೋಡಿದೆ. ವಾಕರಿನವು ಅಷ್ಟು ಸಪೂರ ಕಾಲುಗಳು, ಆದರೂ ಒಳಗೆ ಬಾಗುತ್ತಿರಲಿಲ್ಲ. ಯಾಕೆಂದರೆ ಅವುಗಳ ನಡುವೆ ಅಡ್ಡಲಾಗಿ ಒಂದು ಸರಳು ಇತ್ತು. ನನ್ನ ಕಂಬಗಳ ನಡುವೆ ತಂತಿ ಬಿಟ್ಟರೆ ಏನೂ ಇರಲಿಲ್ಲ! ತಂತಿ ಕಂಬವನ್ನು ಒಳಗೆ ಎಳೆಯುತ್ತದೆಯೇ ಹೊರತು ವಾಲದಂತೆ ತಡೆಯುವುದಿಲ್ಲ. ಡೆಕ್ಕಿಗೆ ತಂದು ಉಳಿದಿದ್ದ ಉದ್ದನೆಯ ತೊಲೆ ಗೋಡೆಗೆ ಒರಗಿಕೊಂಡೇ ಇತ್ತು. ತಂತಿಗಳನ್ನೆಲ್ಲ ಸಡಿಲಿಸಿ, ಕಂಬಗಳನ್ನು ನೆಟ್ಟಗೆ ಮಾಡಿ, ಅವುಗಳ ತಲೆಯ ಮೇಲೆ ಈ ತುದಿಯಿಂದ ಆ ತುದಿಗೆ ತೊಲೆ ಕೂರಿಸಿದೆವು. ಒಂದು ತುದಿ ಸುಮಂಗಲೆ ಹಿಡಿದಳು, ಇನ್ನೊಂದು ನಾನು. ಬೋಲ್ಟು ಬಿಗಿದ ಮೇಲೆ ನಡುವಿನ ತಂತಿಯಿಂದ ಶುರು ಮಾಡಿ, ಒಮ್ಮೆ ಮೇಲಿನದು ಒಮ್ಮೆ ಕೆಳಗಿನದು ಎಂದು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಬಂದೆ. ಕಂಬಗಳು ಅಲುಗಲಿಲ್ಲ. ತಂತಿಗಳೂ ಜೋಲಲಿಲ್ಲ. ಟೇಲರರ ಪುಟ್ಟ ಮಗಳು ಆಡಲು ಬರುತ್ತಿರುತ್ತಾಳೆ. ಅವಳ ತಲೆ ನಡುವೆ ತೂರಬಾರದೆಂದು ಸುಮಂಗಲೆ ಒಂದು ಸಣ್ಣ ತಂಬಿಗೆ ತಂದು ತಂತಿಗಳ ನಡುವೆ ತುರುಕಿ ನೋಡಿದಳು. ತೂರಲಿಲ್ಲ.

"ಇನ್ನ ಬರ್ರಿ ಅತ್ತೀಯಾರ," ಎಂದೆ.

"ಮೊದಲ ನೀವ್ ಒರಗ್ರಿ. ನೀವ್ ಬೀಳಲಿಲ್ಲಂದ್ರ ನಾ ಬರತೀನಿ."

ಒರಗಿದೆ. ಬೀಳಲಿಲ್ಲ. ಅತ್ತೆಯವರು ವಾಕರ್ ಊರಿಕೊಂಡು ಹೊಸ್ತಿಲು ದಾಟಿ, ಹಲಗೆಗಳ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಬಂದರು. ಅಂಚಿಗೆ ಬಂದು, ವಾಕರ್ ಬಿಟ್ಟು, ಎರಡೂ ಕೈಯಲ್ಲಿ ತೊಲೆ ಹಿಡಿದು ನಿಂತರು. ಬಿದ್ದ ಮೇಲೆ ಅವರು ಹಾಗೆ ನೆಟ್ಟಗೆ ನಿಂತದ್ದನ್ನು ನಾವು ನೋಡಿರಲಿಲ್ಲ. ಸುಮಂಗಲೆ ನನ್ನ ತೋಳು ಹಿಡಿದುಕೊಂಡಳು. ಆಮೇಲೆ ಅತ್ತೆಯವರು ನಾವು ತಂದಿಟ್ಟ ಕುರ್ಚಿಯಲ್ಲಿ ಕೂತು, ತಂತಿಗಳ ಆಚೆ ಓಣಿಯ ಈ ತುದಿಯಿಂದ ಆ ತುದಿಯ ತನಕ ನಿಧಾನವಾಗಿ ನೋಡಿ, "ಖರೇ ಹೇಳತೀನ್ರಿ ಅಳಿಯಾರ, ತಂತಿ ಅದಾವೋ ಇಲ್ಲೋ ಗೊತ್ತ ಆಗವಲ್ದು" ಎಂದರು. ನನಗೆ ಸಿಕ್ಕ ಸರ್ಟಿಫಿಕೇಟುಗಳಲ್ಲಿ ಇದಕ್ಕೇ ನಾನು ಚೌಕಟ್ಟು ಹಾಕಿಸಬೇಕಾದದ್ದು.

ಈಗ ಅವರು ದಿನಾ ಬೆಳಿಗ್ಗೆ, ಸಂಜೆ ಅಲ್ಲೇ ಇರುತ್ತಾರೆ. ಡಾಕ್ಟರು ಮುಂದಿನ ಸಲ ಮೆಟ್ಟಿಲ ಅಭ್ಯಾಸ ಶುರು ಮಾಡೋಣ ಎಂದಿದ್ದಾರೆ. ಮೌನೇಶ ಮದುವೆಯಿಂದ ಬಂದವನು ರೇಲಿಂಗನ್ನು ಅಲುಗಾಡಿಸಿ ನೋಡಿ, ಇನ್ನೊಬ್ಬರ ಮನೆಗೂ ಹಾಕೋಣ ಬರ್ರಿ ಎಂದ. ನಾನೂ ಎದೆಯುಬ್ಬಿಸಿಕೊಂಡೇ ಓಡಾಡುತ್ತಿದ್ದೆ, ಮೊನ್ನೆ ಸಂಜೆಯ ತನಕ.

ಕಾರ್ಖಾನೆಯ ಬಸ್ಸು ಇಳಿದು ಮನೆಗೆ ಬರುವ ದಾರಿಯಲ್ಲಿ, ನಮ್ಮ ಓಣಿಯ ತಿರುವಿನಲ್ಲಿ ಒಂದು ಮಿರ್ಚಿ ಭಜಿಯ ಗಾಡಿ ನಿಲ್ಲುತ್ತದೆ. ಕರಿದದ್ದನ್ನು ಮುಟ್ಟಕೂಡದು ಎಂದು ನನಗೆ ಡಾಕ್ಟರ ಕಟ್ಟಪ್ಪಣೆ, ಸುಮಂಗಲೆಯ ಕಾವಲು. ಅಂದು ಒಂದನ್ನು ತಿಂದು ಮುಗಿಸಿ, ಎರಡನೆಯದಕ್ಕೆ ಪ್ಲೇಟು ಚಾಚಿದ್ದೆ. ಆಗ ಮೇಲಿನಿಂದ ಇಡೀ ಓಣಿಗೆ ಕೇಳುವಂತೆ ದನಿ ಬಂತು.

"ಅಳಿಯಾರ! ಒಂದ ಸಾಕ್ರಿ! ಸುಮಂಗಲಾ ದಾರಿ ನೋಡಾಕತ್ತಾಳ!"

ಗಾಡಿಯವನು ನನ್ನನ್ನು ಕೇಳದೆಯೇ ಭಜಿಯನ್ನು ವಾಪಸು ತನ್ನ ದೊಡ್ಡ ತಟ್ಟೆಗೆ ಹಾಕಿದ. ಮಾಸ್ತರರು ನಕ್ಕರು, ಟೇಲರ್ ನಕ್ಕರು. ನಾನು ತಲೆಯೆತ್ತಿ ನೋಡಿದೆ. ಅತ್ತೆಯವರು ಕುರ್ಚಿಯಲ್ಲಿ ಆರಾಮಾಗಿ ಕೂತು ಕೈ ಬೀಸುತ್ತಿದ್ದರು. ಅವರ ಕಣ್ಣಿಗೂ ನನ್ನ ಪ್ಲೇಟಿಗೂ ನಡುವೆ ಅಡ್ಡ ಬರುವಂಥದ್ದು ಏನೂ ಇರಲಿಲ್ಲ. ಆ ತಂತಿಯ ಕೆಲಸವನ್ನು ಅಷ್ಟು ಅಚ್ಚುಕಟ್ಟಾಗಿ ಮಾಡಿದವನನ್ನು ಅಂದು ನಾನು ಮನಸ್ಸಿನಲ್ಲೇ ಚೆನ್ನಾಗಿ ಬೈದುಕೊಂಡೆ.