ತೆಂಗಿನ ಮರಕ್ಕಾಗಿ ಒಂದು ಕಾಳಗ

ದ್ವಂದ್ವಯುದ್ಧವನ್ನು ಕಾನೂನುಬದ್ಧ ಮಾಡಬೇಕೆಂದು ಬಹಿರಂಗವಾಗಿ ವಾದಿಸಿದ ಮನುಷ್ಯ ಪರ್ಕಳದಲ್ಲಿ ನಾನೊಬ್ಬನೇ ಇರಬೇಕು. ನೋಡಲಿಕ್ಕೆ ನಾನು ಅಂಥವನಲ್ಲ. ನಿಟ್ಟೆಯ ಕಡೆ ಕನ್ನಡ ಪಾಠ ಮಾಡಿ ನಿವೃತ್ತನಾದವನು. ಮನೆಯಲ್ಲಿ ಜಿರಳೆ ಕಂಡರೆ ಹೆಂಡತಿಯನ್ನು ಕರೆಯುತ್ತೇನೆ. ಆದರೆ ವೀರರಸದ ಪದ್ಯಗಳನ್ನು ಅಷ್ಟು ವರ್ಷ ಏರುದನಿಯಲ್ಲಿ ವಿವರಿಸಿದವನಿಗೆ ಯುದ್ಧದ ಮೇಲೆ ತುಸು ವಿಶ್ವಾಸ ಹುಟ್ಟುವುದು ಸಹಜ.

ಜಗಳಕ್ಕೆ ಕಾರಣ ಒಂದು ತೆಂಗಿನ ಮರ. ಬುಡ ನಮ್ಮ ಅಂಗಳದಲ್ಲಿ, ತಲೆ ಮಾತ್ರ ಪಕ್ಕದ ಮನೆಯ ಫೆಲಿಕ್ಸರ ಕಾರು ನಿಲ್ಲುವ ಜಾಗದ ಮೇಲೆ. ಬಹಳ ಕಾಲ ಕುವೈತಿನಲ್ಲಿ ದುಡಿದು ಬಂದವರು ಆಸೆಪಟ್ಟು ಕೊಂಡ ಕಾರು. ಒಂದು ಮಧ್ಯಾಹ್ನ ಕಾಯಿ ಬಿದ್ದು ಅದರ ಗಾಜು ಒಡೆಯಿತು. ಮರ ಕಡಿಸಿ ಎಂದರು ಅವರು. ಕಾರಿಗಿಂತ ಮೊದಲು ಮರ ಬಂದದ್ದು ಎಂದೆ ನಾನು. ಅದು ತೀರಿಹೋದ ನನ್ನ ಅಮ್ಮ ನೆಟ್ಟ ಮರ. ಅಷ್ಟನ್ನು ಹೇಳಲು ಮಾತ್ರ ಬಿಗುಮಾನ ಬಿಡಲಿಲ್ಲ. ಇಬ್ಬರ ನಡುವೆ ಮಾತು ನಿಂತಿತು. ಕಾರ್ಕಳದ ವಕೀಲ ಗೆಳೆಯನನ್ನು ಕೇಳಿದರೆ, ಕೇಸು ಹಾಕುವ, ಆದರೆ ತೀರ್ಪು ಬರುವಾಗ ಮರವೂ ಇರುವುದಿಲ್ಲ, ಕಾರೂ ಇರುವುದಿಲ್ಲ, ನೀವಿಬ್ಬರು ಇರುವುದೂ ಸಂಶಯ ಎಂದ.

ಆ ಬೇಸರದಲ್ಲೇ ನಾನು ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಾ ಭಾಷಣ ಮಾಡಿದ್ದು. ಸರಕಾರ ಅನುಮತಿ ಕೊಟ್ಟರೆ ಇಬ್ಬರು ಎದುರುಬದುರು ನಿಂತು ತೀರ್ಮಾನ ಮಾಡಿಕೊಂಡು ಊಟದ ಹೊತ್ತಿಗೆ ಮನೆ ಸೇರಬಹುದು ಎಂದೆ. ಎಲ್ಲರೂ ತಲೆದೂಗಿದರು. ತಲೆದೂಗಿದವರಲ್ಲಿ ಯಾರೋ ಅದನ್ನು ಫೆಲಿಕ್ಸರಿಗೆ ಮುಟ್ಟಿಸಿದರು. ಮರುದಿನ ಬೆಳಿಗ್ಗೆ ಅವರು ನಮ್ಮ ಗೇಟಿನಲ್ಲಿ ನಿಂತಿದ್ದರು.

“ನೀವು ಎಂತದೋ ಯುದ್ಧ ಮಾಡುವ ಅಂದ್ರಂತಲ್ಲ ಸರ್. ನಾನು ತಯಾರುಂಟು. ಎಂತ ಯುದ್ಧ ಅಂತ ನೀವೇ ಹೇಳಿ.”

ಗಾಬರಿಯಲ್ಲಿ ಪಂಜಾ ಕುಸ್ತಿ ಎಂದುಬಿಟ್ಟೆ. ಭಾನುವಾರ, ಅವರು ಚರ್ಚಿನಿಂದ ಬಂದ ಮೇಲೆ, ಎಂದು ನಿಶ್ಚಯವಾಯಿತು. ಹೆಂಡತಿ ನನ್ನ ತೋಳನ್ನೊಮ್ಮೆ ನೋಡಿ ಒಳಗೆ ಹೋದಳು.

ಶನಿವಾರ ನಾನು ಬಸ್ಸು ಹತ್ತಿ ಮಣಿಪಾಲಕ್ಕೆ ಹೋದೆ. ಕುತ್ತಿಗೆ ನೋವು ಇದ್ದದ್ದು ನಿಜ. ಕೈಗೆ ಭಾರ ಕೊಡಬಾರದೆಂದು ಎಲುಬಿನ ಡಾಕ್ಟರ ಬಾಯಿಂದ ಬಂದರೆ ಮರ್ಯಾದೆಯಿಂದ ಹಿಂದೆ ಸರಿಯಬಹುದಲ್ಲ. ಅವರು ಕುತ್ತಿಗೆಗೆ ದಪ್ಪ ಪಟ್ಟಿ ಕಟ್ಟಿ ಕಳಿಸಿದರು. ಹೊರಗೆ ಬಂದರೆ ಕುರ್ಚಿಯಲ್ಲಿ ಫೆಲಿಕ್ಸರು, ಎಡಗೈಯನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು. ಇಬ್ಬರೂ ಸ್ವಲ್ಪ ಹೊತ್ತು ಗೋಡೆ ನೋಡಿದೆವು.

“ನನಗೆ ಭುಜ,” ಎಂದರು ಅವರು.

ಪಂಜಾ ಬಲಗೈಯಲ್ಲಿ ಅಲ್ವಾ ಎಂದು ಕೇಳಿದೆ.

“ನಾನು ಎಡಚ ಸರ್.”

ಇಂಜೆಕ್ಷನ್ ಕೊಟ್ಟ ಮೇಲೆ ಆ ಕೈ ಏಳುತ್ತಿರಲಿಲ್ಲ. ಬರುವಾಗ ಹೇಗೋ ಕಾರು ಬಿಟ್ಟುಕೊಂಡು ಬಂದಿದ್ದರು, ಹೋಗುವಾಗ ಗೇರ್ ಹಾಕುವುದು ಹೇಗೆಂದು ಯೋಚಿಸುತ್ತಾ ಕುಳಿತಿದ್ದರು. ಹಾಗಾಗಿ ನಾನು ಪಕ್ಕದ ಸೀಟಿನಲ್ಲಿ ಕುಳಿತೆ. ಅವರು ಕ್ಲಚ್ ಒತ್ತಿ “ಸೆಕೆಂಡ್” ಎನ್ನುವುದು, ನಾನು ಹಾಕುವುದು. ಶತ್ರುಗಳಿಬ್ಬರು ಒಂದೇ ರಥ ನಡೆಸಿದ ಪದ್ಯವನ್ನು ನಾನು ಎಲ್ಲೂ ಪಾಠ ಮಾಡಿರಲಿಲ್ಲ. ದಾರಿಯಲ್ಲಿ, ಎದುರು ನೋಡಿಕೊಂಡೇ, ಮರ ಅಮ್ಮ ನೆಟ್ಟದ್ದು ಎಂದೆ. ಕುತ್ತಿಗೆ ತಿರುಗದಿದ್ದದ್ದು ಒಳ್ಳೆಯದೇ ಆಯಿತು. ಮುಖ ನೋಡಿದ್ದರೆ ಹೇಳುತ್ತಿರಲಿಲ್ಲ.

ಅವರು ಎದುರು ಬಂದ ಬಸ್ಸಿಗೆ ದಾರಿ ಬಿಟ್ಟರು. ಆಮೇಲೆ, “ಅದನ್ನು ಮೊದಲೇ ಹೇಳಬಾರದಿತ್ತಾ ಮಾರಾಯ್ರೆ,” ಎಂದರು. ಮತ್ತೆ ಮೆಲ್ಲನೆ, “ಥರ್ಡ್.”

ಅವರ ಗೇಟಿನೊಳಗೆ ಕಾರನ್ನು ರಿವರ್ಸ್‌ನಲ್ಲಿ ಹಾಕಬೇಕು. ಅವರಿಗೆ ಕೈಯಿಲ್ಲ, ಹಿಂದೆ ನೋಡಿ ಹೇಳಲು ನನಗೆ ಕುತ್ತಿಗೆಯಿಲ್ಲ. ನಮ್ಮ ಗೇಟು ತೆರೆದಿತ್ತು, ನೇರ ನುಗ್ಗಿಸಿದೆವು. ಭುಜ ಗುಣವಾಗುವ ತನಕ ಇರಲಿ ಎಂದ ಕಾರು ಇವತ್ತಿಗೂ ಅಲ್ಲೇ ಉಂಟು. ಯುದ್ಧದ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ, ಮರಕ್ಕೆ ಕೊಡಲಿ ಬೀಳಲಿಲ್ಲ.

ಕಾರು ಬಂದ ಮೇಲೆ ನಮ್ಮಲ್ಲಿ ನನ್ನ ಸ್ಕೂಟರಿಗೆ ಜಾಗ ಇಲ್ಲದಾಯಿತು. ಫೆಲಿಕ್ಸರು ದೊಡ್ಡ ಮನಸ್ಸಿನಿಂದ ತಮ್ಮ ಖಾಲಿ ಜಾಗ ಬಿಟ್ಟುಕೊಟ್ಟರು. ಮೊನ್ನೆ ಕಾಯಿ ಬಿದ್ದು ಸ್ಕೂಟರಿನ ಹೆಡ್‌ಲೈಟ್ ಪುಡಿಯಾಯಿತು. ಮರ ನನ್ನದು, ಸ್ಕೂಟರೂ ನನ್ನದು. ನ್ಯಾಯವಾಗಿ ನಾನು ಯಾರನ್ನು ಕಾಳಗಕ್ಕೆ ಕರೆಯಬೇಕೆಂದು ಹೆಂಡತಿ ದಿನಾ ಕೇಳುತ್ತಿದ್ದಾಳೆ.