ಅತ್ತೆಗೆ ಎಪ್ಪತ್ತು, ಅವರ ತಂಗಿಗೆ ಎಪ್ಪತ್ತೆರಡು

ನನಗೊಂದು ದೌರ್ಬಲ್ಯವಿದೆ. ಯಾವುದನ್ನಾದರೂ ಮನೆಯಲ್ಲೇ, ಕಡಿಮೆ ಖರ್ಚಿನಲ್ಲಿ, ಅಂದವಾಗಿ ಮಾಡಬಹುದು ಎಂದು ಯಾರಾದರೂ ಹೇಳಿದರೆ ನಂಬಿಬಿಡುತ್ತೇನೆ. ಹೇಳುವವರು ಮೊಬೈಲಿನೊಳಗೆ ಇದ್ದರಂತೂ ಎರಡನೆಯ ಯೋಚನೆಯೇ ಇಲ್ಲ. ಅಲ್ಲಿ ಒಬ್ಬಾಕೆ ಹಳೆಯ ಸೀರೆಯೊಂದನ್ನು ಗೋಡೆಗೆ ಇಳಿಬಿಟ್ಟು, ಅದರ ಮೇಲೆ ದೀಪದ ಸರ ಹರಿಸಿ, ನಾಲ್ಕು ಬಲೂನು ಸಿಕ್ಕಿಸಿ, ಒಂದೇ ನಿಮಿಷದಲ್ಲಿ ತನ್ನ ನಡುಮನೆಯನ್ನು ಅರಮನೆ ಮಾಡಿಬಿಡುತ್ತಾಳೆ. ಆಕೆಯ ಮನೆಯ ಮೂಲೆಯಲ್ಲಿ ರಾಗಿ ಮೂಟೆ ಇಲ್ಲ, ಸೋಫಾದ ಮೇಲೆ ಮಡಚಬೇಕಾದ ಬಟ್ಟೆಯ ಗುಡ್ಡೆ ಇಲ್ಲ, ಗೋಡೆಗೆ ನಾಲ್ಕು ಅಂಗಡಿಯವರು ಕೊಟ್ಟ ನಾಲ್ಕು ಕ್ಯಾಲೆಂಡರುಗಳಿಲ್ಲ ಎನ್ನುವುದು ನನಗೆ ಹೊಳೆಯುವುದು ಸಾಮಾನೆಲ್ಲ ತಂದು ಸುರಿದುಕೊಂಡ ಮೇಲೆ.

ನಾನು ಚಿಕ್ಕವಳಿದ್ದಾಗ ಮನೆಗೆ ಹತ್ತು ಜನರನ್ನು ಕರೆಯಬೇಕೆಂದರೆ ಪಕ್ಕದ ಮನೆಯಿಂದ ಜಮಖಾನ, ಹಿಂದಿನ ಬೀದಿಯಿಂದ ದೊಡ್ಡ ಪಾತ್ರೆ, ಇಷ್ಟನ್ನು ಕೇಳಿ ತಂದರೆ ಮುಗಿಯುತ್ತಿತ್ತು. ಬಂದವರು ಊಟದ ರುಚಿಯ ಬಗ್ಗೆ ಮಾತ್ರ ಟೀಕೆ ಮಾಡುತ್ತಿದ್ದರು. ಈಗ ಹಾಗಲ್ಲ. ಬಂದವರು ಮೊದಲು ಗೋಡೆ ನೋಡುತ್ತಾರೆ, ಅದರ ಮುಂದೆ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ, ಊಟ ಆಮೇಲೆ. ಆದ್ದರಿಂದ ಗೋಡೆಗೂ ಅಡುಗೆಯಷ್ಟೇ ತಯಾರಿ ಬೇಕು.

ನನ್ನ ಅತ್ತೆ ದೇವೀರಮ್ಮನವರಿಗೆ ಹುಟ್ಟುಹಬ್ಬ ಮಾಡಬೇಕು ಅನಿಸಿದ್ದು ಒಂದು ಸಂಜೆ. ಎದುರುಮನೆಯ ಮಗುವಿನ ಹುಟ್ಟುಹಬ್ಬದ ಕೇಕು ಒಂದು ತುಂಡು ನಮ್ಮ ಮನೆಗೂ ಬಂದಿತ್ತು. ಅತ್ತೆ ಅದನ್ನು ತಿಂದು, ಬೆರಳು ಒರೆಸಿಕೊಳ್ಳುತ್ತ, “ಇದ್ನ ಮಕ್ಳಿಗೆ ಮಾತ್ರ ಮಾಡ್ತಾರಾ, ದೊಡ್ಡೋರ್ಗೂ ಮಾಡ್ತಾರಾ?” ಎಂದು ಕೇಳಿದರು. ಅವರು ಕೇಳಿದ್ದು ಬರೀ ತಿಳಿದುಕೊಳ್ಳಲು. ನನಗೆ ಅಷ್ಟು ಸಾಕಾಯಿತು.

ತೊಂದರೆ ಇದ್ದದ್ದು ದಿನ ಗೊತ್ತುಮಾಡುವುದರಲ್ಲಿ. ನಾನು ನಾಗಮಂಗಲದ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಹೊಯ್ಸಳರು ಪಟ್ಟಕ್ಕೆ ಬಂದ ಇಸವಿಗಳನ್ನು ತಪ್ಪು ಬರೆದ ಮಕ್ಕಳಿಗೆ ನಿರ್ದಯವಾಗಿ ಅರ್ಧ ಅಂಕ ಕಳೆಯುವವಳು. ಆದರೆ ಒಂದೇ ಮನೆಯಲ್ಲಿರುವ ಅತ್ತೆ ಹುಟ್ಟಿದ ವರ್ಷ ನನಗೆ ಗೊತ್ತಿಲ್ಲ. ಅವರನ್ನೇ ಕೇಳಿದೆ. “ನಾನು ಉಟ್ಟಾಗ ಹುಚ್ಚೆಳ್ಳು ಊ ಬುಟ್ಟಿತ್ತಂತೆ. ಯಾವೊರ್ಸದ ಹುಚ್ಚೆಳ್ಳು ಅಂತ ನಮ್ಮವ್ವ ಯೋಳ್ನಿಲ್ಲ,” ಎಂದರು. ಉಳಿದದ್ದು ಆಧಾರ್ ಕಾರ್ಡು. ಅದರಲ್ಲಿ ಜನವರಿ ಒಂದು ಎಂದಿತ್ತು. ನಮ್ಮ ಬೀದಿಯ ಹಿರಿಯರಲ್ಲಿ ಮುಕ್ಕಾಲು ಪಾಲು ಜನವರಿ ಒಂದರಂದೇ ಹುಟ್ಟಿದವರು. ಆ ದಿನ ಈ ಸೀಮೆಯ ಸೂಲಗಿತ್ತಿಯರಿಗೆ ಉಸಿರಾಡಲೂ ಪುರುಸೊತ್ತು ಇದ್ದಿರಲಾರದು. ಇರಲಿ, ಕಾರ್ಡಿನ ಪ್ರಕಾರ ಅವರಿಗೆ ಸರಿಯಾಗಿ ಎಪ್ಪತ್ತು ತುಂಬುತ್ತಿತ್ತು. ಜನವರಿಯ ಮೊದಲನೆಯ ಭಾನುವಾರ ಮಧ್ಯಾಹ್ನ ಎಂದು ನಿಶ್ಚಯವಾಯಿತು.

ಬಲೂನು ಕಟ್ಟಲು ಒಂದು ಕಮಾನು ಬೇಕಿತ್ತು. ಇವರದು, ಅಂದರೆ ನನ್ನ ಗಂಡನದು, ಪೈಪು ಮತ್ತು ಮೋಟರಿನ ಅಂಗಡಿ. ಅಂಗಡಿಯಲ್ಲಿ ಉಳಿದಿದ್ದ ಅರ್ಧ ಇಂಚಿನ ಪಿವಿಸಿ ಪೈಪಿನ ತುಂಡುಗಳನ್ನು ಮೂಲೆ ತಿರುಗಿಸುವ ಎಲ್ಬೋ ಹಾಕಿ ಜೋಡಿಸಿಕೊಟ್ಟರು. ನೋಡಲು ಅದು ತೋಟಕ್ಕೆ ನೀರು ಹಾಯಿಸುವ ಏರ್ಪಾಟಿನಂತೆಯೇ ಇತ್ತು. ನಾನು ಅದರ ಮೇಲೆ ನನ್ನ ಮದುವೆಯಲ್ಲಿ ಯಾರೋ ಕೊಟ್ಟಿದ್ದ, ಉಡಲಾಗದ ಬಣ್ಣದ ಸೀರೆಯನ್ನು ನೆರಿಗೆ ಹಿಡಿದು ಇಳಿಬಿಟ್ಟೆ. ಇಪ್ಪತ್ತು ವರ್ಷದ ನಂತರ ಆ ಸೀರೆಗೆ ಒಂದು ಗತಿ ಸಿಕ್ಕಿತು. ಪೇಟೆಯ ಫ್ಯಾನ್ಸಿ ಸ್ಟೋರಿನಿಂದ ಬಲೂನಿನ ಪೊಟ್ಟಣ, ದೀಪದ ಸರ, ಬಂಗಾರದ ಬಣ್ಣದ ಎರಡು ಅಂಕಿ ಬಲೂನು, ಒಂದು ಏಳು, ಒಂದು ಸೊನ್ನೆ, ಮೊಣಕಾಲಿನಿಂದ ಸೊಂಟದವರೆಗೆ ಬರುವಷ್ಟು ದೊಡ್ಡವು, ಇಷ್ಟನ್ನು ತಂದೆ.

ಇನ್ನೊಂದು ಉಪಾಯವೂ ಮೊಬೈಲಿನದೇ. ತೆಂಗಿನ ಚಿಪ್ಪನ್ನು ಮರಳುಕಾಗದದಲ್ಲಿ ಉಜ್ಜಿ, ಎಣ್ಣೆ ಸವರಿದರೆ ಹೊಳೆಯುವ ಬಟ್ಟಲಾಗುತ್ತದೆ, ಅದರಲ್ಲಿ ಪಾಯಸ ಕೊಟ್ಟರೆ ನೋಡಿದವರು ಬೆರಗಾಗುತ್ತಾರೆ ಎಂದು. ನಮ್ಮ ಕಡೆ ತೆಂಗಿನ ಚಿಪ್ಪಿಗೆ ಬರವೇ? ಒಂದು ವಾರ ಉಜ್ಜಿದೆ. ಅಂಗೈಯ ಚರ್ಮವೂ ನುಣುಪಾಯಿತು. ಸಾಲಾಗಿ ಒಣಗಿಸಿದ್ದನ್ನು ನೋಡಿ ಅತ್ತೆ ಕೇಳಿದರು, “ಏನವ್ವ ಇವು?”

“ಪಾಯಸಕ್ಕೆ ಅತ್ತೆ. ಬಂದೋರಿಗೆ ಇದರಲ್ಲೇ ಕೊಡೋದು.”

ಅತ್ತೆ ಒಂದು ಚಿಪ್ಪನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. “ಮನೆಗೆ ಕರ್ದು ಕೈಗೆ ಚಿಪ್ಪು ಕೊಟ್ಟು ಕಳ್ಸುದ್ರು ಅಂತಾರೆ ಕಣವ್ವ, ಜನ,” ಎಂದರು.

ಇದು ನನಗೆ ಹೊಳೆದಿರಲಿಲ್ಲ. ಕೈಗೆ ಚಿಪ್ಪು ಬರುವುದೆಂದರೆ ಭಿಕ್ಷೆಗೆ ಇಳಿಯುವುದು ಎನ್ನುವುದು ಮೊಬೈಲಿನೊಳಗಿನ ಆಕೆಗೆ ಹೇಗೆ ಗೊತ್ತಿರಬೇಕು. ಚಿಪ್ಪುಗಳು ಒಲೆಯ ಪಾಲಾದವು, ಸ್ಟೀಲ್ ಬಟ್ಟಲುಗಳು ಅಟ್ಟದಿಂದ ಇಳಿದವು.

ಭಾನುವಾರ ಬಂತು. ನೆರೆಹೊರೆಯ ಹೆಂಗಸರು, ನಮ್ಮ ಶಾಲೆಯ ಇಬ್ಬರು ಮೇಡಂಗಳು ಬಂದರು. ಆ ಇಬ್ಬರಲ್ಲಿ ಗಣಿತದ ಸುಜಾತ ಮೇಡಂ ಒಬ್ಬರು. ಅತ್ತೆಗೆ ರೇಷ್ಮೆ ಸೀರೆ ಉಡಿಸಿ ಕಮಾನಿನ ಕೆಳಗೆ ಕುರ್ಚಿಯಲ್ಲಿ ಕೂರಿಸಿದ್ದೆವು. ನಾಚಿಕೆಯಿಂದ ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕೊನೆಗೆ ಬಿಂಡಿಗನವಿಲೆಯ ಬಸ್ಸಿಳಿದು ಅವರ ತಂಗಿ ಬಂದರು. ಹೆಸರು ಚಿಕ್ಕತಾಯಮ್ಮ. ನನ್ನ ಗಂಡ ಅವರನ್ನು ಚಿಕ್ಕವ್ವ ಎನ್ನುತ್ತಾರೆ, ನಾನು ಚಿಕ್ಕತ್ತೆ ಎನ್ನುತ್ತೇನೆ. ಯಾರು ಹೇಗೆ ಕರೆದರೂ ಅವರು ಚಿಕ್ಕವರೇ. ಅಕ್ಕನಿಗೆಂದು ಒಂದು ಚೀಲ ಸೊಗಡಿನ ಅವರೆಕಾಯಿ ತಂದಿದ್ದರು.

ಚಿಕ್ಕತ್ತೆಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಮಗನಿಗೆ ತಾವೇ ಫೋನು ಒತ್ತುವವರು. ಬಾಗಿಲಲ್ಲೇ ನಿಂತು ಬಲೂನು ನೋಡಿ, “ಅದೇನವ್ವ ಎಪ್ಪತ್ತು?” ಎಂದರು.

“ಅತ್ತೆಗೆ ಎಪ್ಪತ್ತು ತುಂಬಿತು ಚಿಕ್ಕತ್ತೆ. ಆಧಾರ್ ಕಾರ್ಡಲ್ಲಿದೆ.”

“ಕಾರ್ಡಲ್ಲಾ?” ಎಂದವರೇ ಸೊಂಟದಿಂದ ಎಲೆಯಡಿಕೆ ಸಂಚಿ ತೆಗೆದು, ಅದರೊಳಗಿಂದ ತಮ್ಮ ಕಾರ್ಡು ಹೊರತೆಗೆದರು. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ, ಕಾರ್ಡು ತೋರಿಸಿದರೆ ಸಾಕಾದ್ದರಿಂದ ಅದು ಸದಾ ಅವರ ಬಳಿ ಇರುತ್ತದೆ. ಹತ್ತಿರದಲ್ಲಿ ನಿಂತಿದ್ದ ಸುಜಾತ ಮೇಡಂ ಕೈಗೆ ಕೊಟ್ಟು, “ನಂಗೆಷ್ಟಾಗದೆ ನೋಡಿ ಯೋಳವ್ವ,” ಎಂದರು.

ಬೇರೆ ಯಾರಾದರೂ ಆಗಿದ್ದರೆ ನನ್ನ ಮುಖ ನೋಡಿ ಸುಮ್ಮನಾಗುತ್ತಿದ್ದರು. ಸುಜಾತ ಮೇಡಂ ಲೆಕ್ಕ ಎಂದರೆ ತಡೆಯಲಾರರು. “ಎಪ್ಪತ್ತೆರಡು,” ಎಂದರು, ತಕ್ಷಣವೇ.

“ಅಂಗಾದ್ರೆ ನಾನೇ ದೊಡ್ಡೋಳು,” ಎಂದರು ಚಿಕ್ಕತ್ತೆ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಚಿಕ್ಕತ್ತೆ ನಗಲಿಲ್ಲ. ಹಾಗೇ ಗೋಡೆಗೊರಗಿ ಕೂತು, ಯಾರಿಗೂ ಅಲ್ಲ ಎನ್ನುವಂತೆ ಹೇಳತೊಡಗಿದರು. “ಇವ್ಳು ಬುಟ್ಟ ಲಂಗನೇ ನಾನು ಆಕಿದ್ದು, ಯಾವತ್ತೂ ಒಸದು ಕಾಣ್ನಿಲ್ಲ. ನಾಗಮಂಗಲದ ಗಂಡು ಬಂದಾಗ ದೊಡ್ಡೋಳ್ಗೆ ಮೊದ್ಲು ಆಗ್ಲಿ ಅಂದ್ರು. ನನ್ನ ನಮ್ಮೂರಲ್ಲೇ ಕುರಿ ಇರೋ ಮನೆಗೆ ಕೊಟ್ರು. ಅಬ್ಬ ಅಬ್ಬಕ್ಕೂ ಬಂದು ಇವ್ಳ ಕಾಲಿಗೆ ಬಿದ್ದಿವ್ನಿ. ಎಲ್ಲಾ ಚಿಕ್ಕೋಳು ಅಂತ ತಾನೆ?”

“ಸೊಂಟದ ಮ್ಯಾಲೆ ನಿನ್ನ ಎತ್ಕಂಡು ತಿರುಗಿವ್ನಿ ಕಣೆ ನಾನು. ಕಾರ್ಡು ಬಂದು ಕಂಡಿತ್ತಾ ಅದ್ನ?” ಎಂದರು ಅತ್ತೆ ಕುರ್ಚಿಯಿಂದ.

“ಬರ್ದಿರೋದು ಸುಳ್ಳಾ ಅಂಗಾದ್ರೆ?”

ಅತ್ತೆ ಎದ್ದು ಅಡುಗೆಮನೆಗೆ ಹೋದರು. ನಡುಮನೆಯಲ್ಲಿ ಬಲೂನು ಒಂದಕ್ಕೊಂದು ಉಜ್ಜುವ ಸದ್ದು ಕೇಳುತ್ತಿತ್ತು. ಕೇಕಿನ ಮೇಲಿನ ಕೆನೆ ಒಂದು ಕಡೆಗೆ ಜಾರುತ್ತಿತ್ತು. ಇವರು ನನ್ನನ್ನು ನೋಡಿದರು. ಎರಡು ಬಲೂನು ತಂದು ಅಕ್ಕತಂಗಿಯರನ್ನು ಬೇರೆ ಮಾಡಿದೆಯಲ್ಲ ಎಂಬ ಅರ್ಥ ಆ ನೋಟದಲ್ಲಿ ಇತ್ತೋ ಇಲ್ಲವೋ, ನನಗಂತೂ ಹಾಗೇ ಕಂಡಿತು. ಬರೀ ಹೆಸರು ಬರೆದು ಅಂಟಿಸಿದ್ದರೆ ಆಗುತ್ತಿತ್ತು. ಅಂಕಿ ಯಾಕೆ ಬೇಕಿತ್ತು.

ಅಡುಗೆಮನೆಯಲ್ಲಿ ಅತ್ತೆ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು, ತಂಗಿ ತಂದ ಅವರೆಕಾಯಿಯನ್ನು ಮೊರಕ್ಕೆ ಸುರಿದು ಸುಲಿಯುತ್ತ ಕೂತಿದ್ದರು. ನಾನು ಪಕ್ಕದಲ್ಲಿ ಕೂತು ನಾಲ್ಕು ಕಾಯಿ ಸುಲಿದೆ. ಆಮೇಲೆ, “ಅವರ ಕಾರ್ಡಲ್ಲಿ ತಪ್ಪಾಗಿರಬೇಕು ಬಿಡಿ ಅತ್ತೆ, ನಾನು ಹೇಳ್ತೀನಿ ಅವರಿಗೆ,” ಎಂದೆ.

“ಬ್ಯಾಡ,” ಎಂದರು. “ತಪ್ಪು ಅಂತ ನಂಗೂ ಗೊತ್ತು. ಕಾರ್ಡು ಬರ್ಸಾಕೆ ಇಬ್ರೂ ಒಂದೇ ದಿನ ಓಗಿದ್ದೋ. ಬರ್ಯೋನು ಉಟ್ಟಿದ್ದು ಯಾವಾಗ ಅಂದ. ಗೊತ್ತಿಲ್ಲ ಕಣಪ್ಪ ಅಂದೋ. ನನ್ನ ಮಕ ನೋಡಿ ಒಂದು ಬರ್ಕಂಡ, ಅವ್ಳ ಮಕ ನೋಡಿ ಎಲ್ಡು ವರ್ಸ ಜಾಸ್ತಿ ಬರ್ಕಂಡ.” ಕೈಯಲ್ಲಿದ್ದ ಕಾಯಿಯನ್ನು ಬಿಡಿಸದೆ ಹಾಗೇ ಹಿಡಿದುಕೊಂಡರು. “ಬಿಸ್ಲಲ್ಲಿ ಕುರಿ ಹಿಂದೆ ತಿರುಗಿ ತಿರುಗಿ ಅವ್ಳ ಮಕ ಬತ್ತೋಗಿತ್ತು ಕಣವ್ವ. ನಾನು ಇಲ್ಲಿ ನೆಳ್ಳಲ್ಲಿ ಇದ್ದೋಳು. ಇದ್ನ ಅವ್ಳಿಗೆ ಎಂಗವ್ವ ಯೋಳದು?”

ಹನ್ನೆರಡು ವರ್ಷ ತರಗತಿಯಲ್ಲಿ ನಿಂತು ಮಾತಾಡಿದವಳು ಮೊರದೊಳಗಿನ ಸಿಪ್ಪೆಯನ್ನು ಒಂದು ಕಡೆ ಮಾಡಿದೆ, ಅಷ್ಟೇ.

ಅತ್ತೆ ಎದ್ದು ಕೈ ತೊಳೆದು ನಡುಮನೆಗೆ ಬಂದರು. ನಾನು ಹಿಂದೆಯೇ ಬಂದೆ. ಗೋಡೆಗೊರಗಿ ಕೂತಿದ್ದ ತಂಗಿಯ ಮುಂದೆ ನಿಂತು, “ಆಯ್ತು ಕಣೆ. ಇವತ್ತಿಂದ ನೀನೇ ದೊಡ್ಡೋಳು,” ಎಂದು, ಬಗ್ಗಿ, ಅವರ ಕಾಲಿಗೆ ಕೈಹಾಕಿದರು.

ಚಿಕ್ಕತ್ತೆ ಕಾದ ಬಾಣಲೆ ಮುಟ್ಟಿದವರಂತೆ ಕಾಲು ಎಳೆದುಕೊಂಡರು. “ಏ, ಬುಡಕ್ಕ, ಏನ್ ಮಾಡ್ತಿದ್ದೀಯೇ ನೀನು, ಪಾಪ ಸುತ್ಕತ್ತದೆ ನಂಗೆ.”

“ನೋಡು. ನಿನ್ನ ಬಾಯೇ ಅಕ್ಕ ಅಂತು.”

“ಅಬ್ಯಾಸ ಕಣಕ್ಕ,” ಎಂದರು ಚಿಕ್ಕತ್ತೆ. ತಾವು ಮತ್ತೆ ಅದನ್ನೇ ಅಂದದ್ದು ಅವರಿಗೆ ತಿಳಿದು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ಹೇಳಲಾರೆ. ಬಹುಶಃ ಅವರೂ ಹೇಳಲಾರರು.

ಅಷ್ಟರಲ್ಲಿ ಇನ್ನೊಂದು ಸಂಗತಿ ತಿಳಿಯಿತು. ಮಂಡಿನೋವಿನ ಅತ್ತೆ ಬಗ್ಗಿದವರು ಬಗ್ಗಿಯೇ ಇದ್ದರು, ಏಳಲು ಆಗುತ್ತಿರಲಿಲ್ಲ. ಒಂದು ರಟ್ಟೆ ಇವರು, ಇನ್ನೊಂದು ರಟ್ಟೆ ಸುಜಾತ ಮೇಡಂ ಹಿಡಿದರು, ಚಿಕ್ಕತ್ತೆ ಕೂತಲ್ಲಿಂದಲೇ ಹೊಟ್ಟೆಗೆ ಕೈಕೊಟ್ಟು ಮೇಲೆ ದಬ್ಬಿದರು. ಎತ್ತಿ ಕೂರಿಸುವ ಹೊತ್ತಿಗೆ ಎಲ್ಲರೂ ಮಾತಾಡಲು ಶುರುಮಾಡಿದ್ದರು, ಮನೆ ಮತ್ತೆ ಮನೆಯಂತಾಯಿತು.

ಕುರ್ಚಿ ತೆಗೆದು ಬೆಂಚು ಹಾಕಿ ಇಬ್ಬರನ್ನೂ ಕೂರಿಸಿದೆವು. “ಆ ನಂಬರ್ ಕಿತ್ತಾಕ್ಲಾ ಮೊದ್ಲು,” ಎಂದು ಅತ್ತೆ ಮಗನಿಗೆ ಹೇಳಿದರು. ಏಳು ಬೇಗ ಕಿತ್ತು ಬಂತು. ಸೊನ್ನೆ ಬರಲಿಲ್ಲ. ಅದು ಬೀಳಬಾರದೆಂದು ನಾನು ಎರಡು ಕಡೆ ಅಂಟುವ ಟೇಪನ್ನು ಧಾರಾಳವಾಗಿ ಹಾಕಿ ಕಮಾನಿನ ಮೇಲುಗಡೆ ಗೋಡೆಗೇ ಒತ್ತಿದ್ದೆ. ಎಳೆದರೆ ಗೋಡೆಯ ಬಣ್ಣವೂ ಹಿಂದೆಯೇ ಬರುತ್ತಿತ್ತು. ಇರಲಿ ಬಿಡಿ ಎಂದೆ. ಹೀಗಾಗಿ ಅಂದು ತೆಗೆದ ಎಲ್ಲ ಫೋಟೋಗಳಲ್ಲೂ ಇಬ್ಬರು ಹಿರಿಯ ಹೆಂಗಸರು ಒಂದು ಬಂಗಾರದ ಸೊನ್ನೆಯ ಕೆಳಗೆ ಕೂತು, ಒಂದೇ ಚಾಕು ಹಿಡಿದು ಕೇಕು ಕೊಯ್ಯುತ್ತಿದ್ದಾರೆ. ಬಾಗಿಲಲ್ಲಿ ನಿಂತ ಪಕ್ಕದ ಮನೆಯಾಕೆ, “ದೇವ್ರ ಪ್ರಭಾವಳಿ ಇದ್ದಂಗೈತೆ,” ಎಂದಳು. ಖರ್ಚಿಲ್ಲದೆ ಬಂದ ಅಂದವೆಂದರೆ ಆ ದಿನ ಅದೊಂದೇ.

ಊಟವಾಯಿತು. ಮೊದಲೇ ನೆನೆಹಾಕಿದ್ದ ಅವರೆಯ ಹಿತಕಿದ ಬೇಳೆ ಸಾರಿಗೆ ಎಲ್ಲರೂ ಎರಡನೆಯ ಸಲ ಕೈಯೊಡ್ಡಿದರು. ಪಾಯಸ ಬಂತು. ಇವರು ಒಂದು ಪಕ್ಕದಿಂದ ಕಮಾನಿನ ಪೈಪು ಬಿಚ್ಚುತ್ತಿದ್ದರು. ಯಾರಿಗೋ ಸೋಮವಾರ ಬೆಳಿಗ್ಗೆಯೇ ಆ ಎಲ್ಬೋಗಳು ಬೇಕಂತೆ. ಚಿಕ್ಕತ್ತೆ ತೃಪ್ತಿಯಿಂದ ಎಲೆಯಡಿಕೆ ಮಡಚುತ್ತ ನನ್ನ ಕಡೆ ತಿರುಗಿದರು.

“ನಿಂಗೆಷ್ಟವ್ವ ಈಗ?”

ಇಬ್ಬರು ಮೇಡಂಗಳೂ ಎದುರಿಗೇ ಕೂತಿದ್ದರು. “ಮೂವತ್ತೆಂಟು ಚಿಕ್ಕತ್ತೆ,” ಎಂದೆ. ಸ್ಟಾಫ್ ರೂಮಿನಲ್ಲಿ ಕೆಲವು ವರ್ಷಗಳಿಂದ ಹೇಳಿಕೊಂಡು ಬಂದಿರುವ ಸಂಖ್ಯೆ ಅದು.

“ನಲವತ್ತಮೂರು ಕಣವ್ವ, ಚಿಕ್ಕವ್ವ,” ಎಂದರು ಇವರು, ಪೈಪಿನಿಂದ ತಲೆ ಎತ್ತದೆ. “ಈ ಮಾರ್ಚಿಗೆ ನಲವತ್ತನಾಕು.”

ಮದುವೆಯಾದ ಇಪ್ಪತ್ತು ವರ್ಷದಲ್ಲಿ ಈ ಮನುಷ್ಯ ನನ್ನ ಹುಟ್ಟುಹಬ್ಬವನ್ನು ಒಮ್ಮೆಯೂ ನೆನಪಿಟ್ಟವರಲ್ಲ. ಸುಜಾತ ಮೇಡಂ ಪಾಯಸದ ಬಟ್ಟಲನ್ನು ಮುಖದ ಹತ್ತಿರಕ್ಕೆ ತಂದುಕೊಂಡು, ತಳದಲ್ಲಿ ಒಂದು ದ್ರಾಕ್ಷಿಯನ್ನು ಬಹಳ ಹೊತ್ತು ಹುಡುಕಿದರು.